ಮದುವೆಯ ಕ್ಯಾಮೆರಾದಲ್ಲಿ ಮಸೂರದ ಪಾಠ

೧೯೮೮ರಲ್ಲಿ ನಾನು ರಾಣೇಬೆನ್ನೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕನಾಗಿದ್ದೆ. ಆಗ ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ; ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಮೂರೂ ಧಾರವಾಡ ಜಿಲ್ಲೆಯ ತಾಲೂಕುಗಳು. ಪಿಯುಸಿ ಮೊದಲ ವರ್ಷದ ವಿಜ್ಞಾನ ವಿಭಾಗ ನನ್ನ ಸುಪರ್ದಿಯಲ್ಲಿತ್ತು. ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷ ಕಳೆದಿತ್ತು. ಅಷ್ಟು ವರ್ಷ ಅದೇ ಪಾಠವನ್ನು ಹೇಳಿದ ಮನುಷ್ಯನಿಗೆ ಬೆಳಕಿನ ನಿಯಮಗಳನ್ನು ತಾನೇ ಮಾಡಿದೆನೆಂಬ ಭ್ರಮೆ ಹುಟ್ಟುವುದು ಸಹಜ. ನನ್ನಲ್ಲಿ ಅದು ಹುಟ್ಟಿ, ಬೆಳೆದು, ಪ್ರಾಯಕ್ಕೂ ಬಂದಿತ್ತು.

ಆ ವರ್ಷ ಕಾಲೇಜಿಗೆ ಒಂದು ಬಣ್ಣದ ಟಿವಿ, ಒಂದು ವಿಸಿಆರ್ ಬಂದವು. ವಿಸಿಆರ್ ಎಂದರೆ, ಈಗಿನವರಿಗೆ ತಿಳಿಯಲೆಂದು ಹೇಳುತ್ತೇನೆ, ಪುಸ್ತಕದಷ್ಟು ದೊಡ್ಡ ಕ್ಯಾಸೆಟ್ಟನ್ನು ನುಂಗಿ ಟಿವಿಯ ಮೇಲೆ ಚಿತ್ರ ಮೂಡಿಸುವ ಪೆಟ್ಟಿಗೆ. ಒಮ್ಮೊಮ್ಮೆ ನುಂಗಿದ್ದನ್ನು ತಿರುಗಿ ಕೊಡುತ್ತಿರಲಿಲ್ಲ. ಎರಡಕ್ಕೂ ಕುಂಕುಮ ಹಚ್ಚಿ, ಕಾಯಿ ಒಡೆದು, ಪ್ರಿನ್ಸಿಪಾಲರ ಕೋಣೆಯ ಕಪಾಟಿನಲ್ಲಿ ಪ್ರತಿಷ್ಠಾಪಿಸಲಾಯಿತು. ಕೀಲಿಕೈ ಪ್ರಿನ್ಸಿಪಾಲರ ಕೋಟಿನ ಒಳಕಿಸೆಯಲ್ಲಿ ನೆಲೆಗೊಂಡಿತು. ಅವರು ರಜೆ ಹಾಕಿದ ದಿನ ಆಧುನಿಕ ಶಿಕ್ಷಣಕ್ಕೂ ರಜೆ.

ಜೊತೆಗೆ ಬಂದ ಪಾಠದ ಕ್ಯಾಸೆಟ್ಟುಗಳೆಲ್ಲ ಇಂಗ್ಲಿಷಿನವು. ನಮ್ಮ ಹುಡುಗರು ಮೇಡ್ಲೇರಿ, ಕುಪ್ಪೇಲೂರು, ಕದರಮಂಡಲಗಿಯಂಥ ಊರುಗಳಿಂದ ಎಸ್ಸೆಸ್ಸೆಲ್ಸಿಯವರೆಗೆ ಕನ್ನಡದಲ್ಲಿ ಓದಿ ಬಂದವರು. ಟಿವಿಯ ಒಳಗಿನ ಪ್ರೊಫೆಸರರು ಎಕ್ಸ್‌ಪ್ರೆಸ್ ಗಾಡಿಯ ವೇಗದಲ್ಲಿ ಮಾತಾಡುತ್ತಿದ್ದರು. ಸಣ್ಣ ಸ್ಟೇಷನ್ನುಗಳಲ್ಲಿ ನಿಲ್ಲುವ ಪದ್ಧತಿ ಅವರಿಗಿರಲಿಲ್ಲ. ಒಂದು ಪಾಠ ಮುಗಿದ ಮೇಲೆ ಕುಪ್ಪೇಲೂರಿನ ಹುಡುಗನೊಬ್ಬನನ್ನು ಎಬ್ಬಿಸಿ ಏನು ತಿಳಿಯಿತೆಂದು ಕೇಳಿದೆ. ಅವನು ತುಸು ಯೋಚಿಸಿ, "ಅವರ ಟೈ ಭಾಳ ಚಲೋ ಇತ್ರೀ ಸರ" ಎಂದ.

ಅಂದೇ ನಾನು ಸಂಕಲ್ಪ ಮಾಡಿದೆ. ನಮ್ಮ ಮಕ್ಕಳಿಗೆ ತಿಳಿಯುವಂತೆ, ಕನ್ನಡದಲ್ಲಿ, ನಾನೇ ಒಂದು ವಿಡಿಯೋ ಪಾಠವನ್ನು ತಯಾರಿಸತಕ್ಕದ್ದು. ಡಿಸೆಂಬರಿನಲ್ಲಿ ಹಾವೇರಿಯಲ್ಲಿ ಮೂರೂ ತಾಲೂಕಿನ ಉಪನ್ಯಾಸಕರ ಸಭೆಯಿತ್ತು. ಅಲ್ಲಿ ಅದನ್ನು ಮಾದರಿ ಪಾಠವೆಂದು ತೋರಿಸತಕ್ಕದ್ದು. ಪ್ರಿನ್ಸಿಪಾಲರು ಒಪ್ಪಿದರು, ಆರಂಭದಲ್ಲಿ ತಮ್ಮ ಎರಡು ಮಾತುಗಳಿರಬೇಕೆಂಬ ಷರತ್ತಿನ ಮೇಲೆ.

ಕ್ಯಾಮೆರಾ ಎಲ್ಲಿಯದು? ಬಸ್‌ಸ್ಟ್ಯಾಂಡಿನ ಹತ್ತಿರ ಫೋಟೋ ಸ್ಟುಡಿಯೋ ಇಟ್ಟಿದ್ದ ಇಮಾಮಸಾಬನೆಂಬ ತರುಣ ಮದುವೆಗಳ ವಿಡಿಯೋ ತೆಗೆಯುತ್ತಿದ್ದ. ಅವನನ್ನೇ ಕರೆಸಿದೆ. ಮದುವೆಯಲ್ಲದ ಕೆಲಸಕ್ಕೆ ಅವನನ್ನು ಯಾರೂ ಕರೆದಿರಲಿಲ್ಲವೆಂದು ಕಾಣುತ್ತದೆ. ಎಲ್ಲವನ್ನೂ ಭಕ್ತಿಯಿಂದ ಕೇಳಿ, "ಮುಹೂರ್ತ ಎಷ್ಟಕ್ಕ ಇಟ್ಟೀರ್ರಿ ಸರ?" ಎಂದ.

ಚಿತ್ರೀಕರಣ ಆಗಸ್ಟಿನಲ್ಲಿ ನಡೆಯಿತು. ನಾನು ನನ್ನ ಮದುವೆಯ ಕೋಟನ್ನು ಹಾಕಿಕೊಂಡು ಬಂದಿದ್ದೆ; ಗುಂಡಿ ಹಾಕಲು ಆಗದ್ದರಿಂದ ತೆರೆದೇ ಬಿಟ್ಟಿದ್ದೆ. ಹುಡುಗರು ಪೌಡರ್ ಮೆತ್ತಿಕೊಂಡಿದ್ದರು. ಊರಿನ ಹುಡುಗರೂ ಹುಡುಗಿಯರೂ ಮುಂದಿನ ಬೆಂಚುಗಳನ್ನು ಹಿಡಿದಿದ್ದರು. ಬ್ಯಾಡಗಿ ಕಡೆಯಿಂದ ಪ್ಯಾಸೆಂಜರ್ ಗಾಡಿಗೆ ಬರುವವರು ಗಾಡಿ ತಡವಾದಷ್ಟೂ ಹಿಂದೆ ಕೂಡುವವರು. ಅಂದೂ ಹಿಂದೆಯೇ ಕೂತರು. ಇಮಾಮಸಾಬ ಕ್ಯಾಮೆರಾವನ್ನು ಹೆಗಲ ಮೇಲೇರಿಸಿದ. ಅವನ ತಮ್ಮ ಹಾಲೋಜನ್ ದೀಪವನ್ನು ಕೋಲಿಗೆ ಕಟ್ಟಿ ಹಿಡಿದ. ಆ ದೀಪ ಹತ್ತಿದರೆ ಹತ್ತಿರವಿದ್ದವರ ಹುಬ್ಬು ಬಿಸಿಯಾಗುತ್ತಿತ್ತು.

ದೀಪದ ಬೆಳಕು ಕರಿಹಲಗೆಯ ಮೇಲೆ ಬಿದ್ದು ಅದು ಕನ್ನಡಿಯಂತೆ ಹೊಳೆಯತೊಡಗಿತು. ಅಕ್ಷರವೇ ಕಾಣದು. ಅದನ್ನೇ ಹೇಳಲು ಇಮಾಮಸಾಬ ಬಾಯಿ ತೆರೆದ: "ಸರ, ಬೋರ್ಡ್ ಹೊಳೀತೈತ್ರಿ, ಏನೂ..." ನಾನು ಅದಾಗಲೇ ಪಾಠದ ಆವೇಶದಲ್ಲಿದ್ದೆ. "ಇಮಾಮಸಾಬ, ನಿನ್ನ ಕೆಲಸ ನೀ ನೋಡು, ನನ್ನ ಕೆಲಸ ನಾ ನೋಡ್ತೇನಿ" ಎಂದೆ. ಅವನು ಅಕ್ಷರಶಃ ಹಾಗೆಯೇ ಮಾಡಿದ.

ಪಾಠ ಪೀನ ಮಸೂರದ್ದು. ನಡುವೆ ಉಬ್ಬಿ ಅಂಚಿನಲ್ಲಿ ತೆಳುವಾದ ಗಾಜು. ಬೆಳಕಿನ ಕಿರಣಗಳನ್ನು ಬಾಗಿಸಿ ಒಂದೆಡೆ ಕೂಡಿಸಿ ಎದುರಿನ ವಸ್ತುವಿನ ಚಿತ್ರವನ್ನು ಮೂಡಿಸುತ್ತದೆ. ಇದಕ್ಕೆ ಹಲಗೆಯ ಮೇಲೆ ಚಿತ್ರ ಬರೆಯಬೇಕು. ಬರೆಯುವಾಗ ಹಲಗೆಯ ಕಡೆ ಮುಖ ಮಾಡಬೇಕು. ನನ್ನ ಬೋಧನಾ ವಿಧಾನದಲ್ಲಿ ಒಂದು ವಿಶೇಷವಿತ್ತು: ಪ್ರತಿ ಚಿತ್ರ ಮುಗಿದಾಗಲೂ ಸಂಶಯಗಳಿಗೆ ಆಹ್ವಾನ ಕೊಡುತ್ತಿದ್ದೆ. ಈ ಉದಾರತೆಯ ಬಗ್ಗೆ ನನಗೆ ಬಹಳ ಅಭಿಮಾನವಿತ್ತು.

ಕ್ಯಾಸೆಟ್ಟು 'ಮಿಕ್ಸಿಂಗ್' ಆಗಲು ಹುಬ್ಬಳ್ಳಿಗೆ ಹೋಯಿತು. ಚಿತ್ರಗಳನ್ನು ಜೋಡಿಸಿ, ಹೆಸರು, ಸಂಗೀತ ಹಾಕುವ ಕೆಲಸಕ್ಕೆ ಹಾಗೆನ್ನುತ್ತಿದ್ದರು. ಅಲ್ಲಿ ಮದುವೆಯ ಕ್ಯಾಸೆಟ್ಟುಗಳ ಸಾಲಿನಲ್ಲಿ ನನ್ನ ಮಸೂರವೂ ನಿಂತುಕೊಂಡಿತು.

ಈ ನಡುವೆ ಮಧ್ಯಾವಧಿ ಪರೀಕ್ಷೆ ಮುಗಿಯಿತು. ಒಂದು ದಿನ ಬ್ಯಾಡಗಿಯ ಚನ್ನಬಸಪ್ಪನವರು ಮಗಳು ಸುನಂದಾಳನ್ನು ಕರೆದುಕೊಂಡು ಬಂದರು. ಮೆಣಸಿನಕಾಯಿ ತುಂಬುವ ಚೀಲ, ಹಗ್ಗ, ತಾಡಪತ್ರಿ ಮಾರುವ ಅಂಗಡಿಯವರು, ಮೂಲ ಕದರಮಂಡಲಗಿಯವರು. ಮಗಳಿಗೆ ಭೌತಶಾಸ್ತ್ರದಲ್ಲಿ ಕಡಿಮೆ ಅಂಕ ಬಂದಿದ್ದವು. ಸೈನ್ಸಿನಲ್ಲಿ ಮುಂದುವರಿಸಬೇಕೋ, ಬ್ಯಾಡಗಿಯಲ್ಲೇ ಆರ್ಟ್ಸಿಗೆ ಹಾಕಬೇಕೋ ಎಂದು ಕೇಳಲು ಬಂದಿದ್ದರು. ಕೂಡಿರೆಂದರೂ ಕೂಡಲಿಲ್ಲ. ಮಾಸ್ತರರ ಎದುರು ಕೂಡುವುದು ಅವರ ಪದ್ಧತಿಯಲ್ಲಿರಲಿಲ್ಲ.

ನಾನು ಕನ್ನಡಕವನ್ನು ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ತೀರ್ಪು ಕೊಟ್ಟೆ: "ಮಾರ್ಕ್ಸ್ ದೊಡ್ಡ ಮಾತಲ್ಲ ಚನ್ನಬಸಪ್ಪನವರ. ಆದ್ರ ಈಕಿ ಇಷ್ಟ ದಿವಸದಾಗ ನನಗ ಒಂದ ಪ್ರಶ್ನಿ ಕೇಳಿಲ್ಲ. ಸೈನ್ಸ್ ಅನ್ನೂದು ಕೇಳವರ ಸಲುವಾಗಿ ಇರೂದು. ಕಲ್ಲಿನಂಗ ಕೂತವರಿಗೆ ಅದು ದಕ್ಕೂದಿಲ್ಲ."

ಸುನಂದಾ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ ನೆಲ ನೋಡಿದಳು. ಅದನ್ನು ನಾನು ದಡ್ಡತನವೆಂದು ಎಣಿಸಿ, ನನ್ನ ತೀರ್ಪಿಗೆ ಸಿಕ್ಕ ಇನ್ನೊಂದು ಸಾಕ್ಷಿಯೆಂದು ಒಳಗೊಳಗೆ ನಮೂದಿಸಿಕೊಂಡೆ. ಚನ್ನಬಸಪ್ಪನವರು ಕೈಮುಗಿದರು. "ನೀವು ಅಂದಮ್ಯಾಲೆ ಮುಗೀತ್ರಿ" ಎಂದರು. ಅದೇ ವಾರ ಅವಳು ನಮ್ಮ ಕಾಲೇಜನ್ನು ಬಿಟ್ಟು ಬ್ಯಾಡಗಿಯಲ್ಲಿ ಆರ್ಟ್ಸಿಗೆ ಸೇರಿದಳು.

ಹಾವೇರಿಯ ಸಭೆಯ ಬೆಳಿಗ್ಗೆ ಇಮಾಮಸಾಬ ಓಡುತ್ತ ಬಂದು ಬಸ್ಸಿನ ಕಿಟಕಿಯಲ್ಲಿ ಕ್ಯಾಸೆಟ್ಟನ್ನು ಕೊಟ್ಟ. ಸಭೆಗೆ ಮೊದಲು ಒಮ್ಮೆ ಹಾಕಿ ನೋಡುವುದೇ ಎಂದು ಪ್ರಿನ್ಸಿಪಾಲರು ಕೇಳಿದರು. ನನ್ನ ಪಾಠವನ್ನು ನಾನೇ ಪರೀಕ್ಷಿಸುವುದು ಅಡುಗೆಯವನು ತನ್ನ ಸಾರಿಗೆ ತಾನೇ ಹೆದರಿದಂತೆ ಎಂದು ನಾನು ಗಂಭೀರವಾಗಿ ನಿರಾಕರಿಸಿದೆ.

ಸಭಾಂಗಣ ತುಂಬಿತ್ತು. ಶಿಕ್ಷಣದಲ್ಲಿ ತಂತ್ರಜ್ಞಾನದ ಪಾತ್ರದ ಕುರಿತು ನಾನು ನಾಲ್ಕು ಮಾತಾಡಿ, ಕ್ಯಾಸೆಟ್ಟನ್ನು ವಿಸಿಆರಿಗೆ ಅರ್ಪಿಸಿ, ಮುಂದಿನ ಸಾಲಿನಲ್ಲಿ ಕೂತೆ.

ಮೊದಲು ಶಹನಾಯಿ ಕೇಳಿಸಿತು. ಪರದೆಯ ನಾಲ್ಕೂ ಮೂಲೆಗಳಿಂದ ಗುಲಾಬಿ ಎಸಳುಗಳು ಉದುರಿದವು. ಎಸಳುಗಳ ನಡುವಿನಿಂದ ಪ್ರಿನ್ಸಿಪಾಲರು ಮೂಡಿ ಎರಡು ಮಾತಾಡಿದರು. ಆಮೇಲೆ ಒಂದು ಕೆಂಪು ಹೃದಯದ ಆಕೃತಿ ಬಂದು, ಅದರೊಳಗೆ ಗುಂಡಿ ಹಾಕದ ಕೋಟಿನ ನಾನು ಕಾಣಿಸಿಕೊಂಡೆ. ಕೆಳಗೆ ನನ್ನ ಹೆಸರು, ಪದವಿ. ಸಭೆ ನಕ್ಕಿತು. ದೊಡ್ಡ ಮನಸ್ಸಿನವನೆನಿಸಿಕೊಳ್ಳಲು ನಾನೂ ನಕ್ಕೆ.

ಪಾಠ ಆರಂಭವಾಯಿತು. ಹಲಗೆ ಫಳಫಳ ಹೊಳೆಯಿತು. ಕೂಡಲೇ ಕ್ಯಾಮೆರಾ ನನ್ನನ್ನು ಬಿಟ್ಟು ಹೊರಟಿತು. ಮದುವೆಯ ಪಂಕ್ತಿಯಲ್ಲಿ ಉಣ್ಣುವವರನ್ನು ಒಬ್ಬೊಬ್ಬರಾಗಿ ತೋರಿಸಿದಂತೆ ಬೆಂಚಿನಿಂದ ಬೆಂಚಿಗೆ ಸಾಗಿತು. ಮಾತು ಮಾತ್ರ ನನ್ನದೇ. ಮೈಕು ನನ್ನ ಕೋಟಿಗೆ ಸಿಕ್ಕಿಸಿತ್ತು. "ಕಿರಣವು ಮಸೂರವನ್ನು ಪ್ರವೇಶಿಸಿ ಬಾಗುತ್ತದೆ" ಎಂದು ನನ್ನ ಧ್ವನಿ ಹೇಳುತ್ತಿದ್ದರೆ, ಪರದೆಯ ಮೇಲೆ ಒಬ್ಬ ಹುಡುಗ ಕ್ರಾಪು ತೀಡಿಕೊಳ್ಳುತ್ತಿದ್ದ. "ಪ್ರತಿಬಿಂಬವು ತಲೆಕೆಳಗಾಗಿರುತ್ತದೆ" ಎಂದಾಗ ಇನ್ನೊಬ್ಬ ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ. ನಗೆ ಏರುತ್ತ ಹೋಯಿತು.

ದೀಪ ಹುಡುಗಿಯರ ಕೊನೆಯ ಬೆಂಚಿಗೆ ಬಂತು. ಸುನಂದಾ ಬಲಗೈ ಎತ್ತಿ ಕೂತಿದ್ದಳು. ಕಣ್ಣು ಕ್ಯಾಮೆರಾದ ಕಡೆ ಇರಲಿಲ್ಲ.

"ಅಕ್ಷತಾ ಹಾಕಾಕತ್ತಾಳ ನೋಡ್ರಿ" ಎಂದು ಹಿಂದಿನಿಂದ ಯಾರೋ ಅಂದರು. ಸಭೆ ಬಿದ್ದು ಬಿದ್ದು ನಕ್ಕಿತು. ಆ ನಗೆ ಇಳಿಯುವ ಮೊದಲೇ ನನ್ನ ಧ್ವನಿ, ಸ್ಪಷ್ಟವಾಗಿ, ಪ್ರಸನ್ನವಾಗಿ ಕೇಳಿಸಿತು: "ಯಾರಿಗಾದರೂ ಸಂಶಯವಿದೆಯೇ? ಇಲ್ಲ. ಒಳ್ಳೆಯದು. ಮುಂದೆ ಹೋಗೋಣ."

ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಬ್ಬ ಮನುಷ್ಯ ಉಸಿರೆಳೆದುಕೊಳ್ಳುವಷ್ಟೂ ಜಾಗವಿರಲಿಲ್ಲ. ಹದಿನಾಲ್ಕು ವರ್ಷ ನಾನು ಆ ಮಾತನ್ನು ಹಲಗೆಗೆ ಕೇಳಿದ್ದೆ. ಹಲಗೆಗೆ ಸಂಶಯಗಳಿರಲಿಲ್ಲ.

ಕ್ಯಾಮೆರಾ ಒಂದು ಸುತ್ತು ಹಾಕಿ ಮತ್ತೆ ಆ ಬೆಂಚಿಗೆ ಬಂತು. ಅವಳ ಕೈ ಇನ್ನೂ ಮೇಲೇ ಇತ್ತು. ಈಗ ಎಡಗೈಯನ್ನು ಮೊಣಕೈಗೆ ಆಸರೆ ಕೊಟ್ಟಿದ್ದಳು. "ಎಲ್ಲರಿಗೂ ತಿಳಿಯಿತಲ್ಲ? ತಿಳಿಯಿತು" ಎಂದಿತು ನನ್ನ ಧ್ವನಿ. ಸಭೆಯ ನಗೆ ತೆಳ್ಳಗಾಯಿತು. ಇನ್ನೊಂದು ಸುತ್ತಿಗೆ ಬಂದಾಗ ಕೈ ಇಳಿದಿತ್ತು. ಕೆನ್ನೆಗೆ ಅಂಗೈ ಹಚ್ಚಿ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಗ ಯಾರೂ ನಗಲಿಲ್ಲ. ಫ್ಯಾನಿನ ಸದ್ದು, ಮತ್ತು ಮುಂದೆ ಸಾಗುತ್ತಲೇ ಇದ್ದ ನನ್ನ ಪಾಠ.

ಟಿವಿ ಆರಿದ ಮೇಲೆ ಹಾವೇರಿಯ ಒಬ್ಬ ಹಿರಿಯ ಗಣಿತದ ಉಪನ್ಯಾಸಕರು ಕೇಳಿದರು: "ಆ ಹುಡುಗಿದು ಏನ್ ಸಂಶೇ ಇತ್ರೀ?"

"ಗೊತ್ತಿಲ್ರಿ" ಎಂದೆ. ಅವರು ತಮ್ಮ ಚೀಲ ಎತ್ತಿಕೊಂಡು ಹೊರಟರು. ಬೈದಿದ್ದರೆ ಉಪಕಾರವಾಗುತ್ತಿತ್ತು.

ಹಿಂತಿರುಗುವಾಗ ಬಸ್ಸಿನಲ್ಲಿ ಪ್ರಿನ್ಸಿಪಾಲರು, "ಆ ಕ್ಯಾಸೆಟ್ ಅಳಿಸಿಬಿಡ್ರಿ. ಅದರ ಮ್ಯಾಲೆ ಗ್ಯಾದರಿಂಗ್ ತುಂಬಿಸೂಣು" ಎಂದರು. ಗ್ಯಾದರಿಂಗ್ ಎಂದರೆ ಕಾಲೇಜಿನ ವಾರ್ಷಿಕೋತ್ಸವ. ನಾನು ತಲೆಯಾಡಿಸಿದೆ. ಮರುದಿನ ಸಿಟ್ಟನ್ನು ಹೊತ್ತುಕೊಂಡು ಸ್ಟುಡಿಯೋಕ್ಕೆ ಹೋದೆ. ಇಮಾಮಸಾಬ ನನ್ನನ್ನು ಅಚ್ಚರಿಯಿಂದ ನೋಡಿದ.

"ಸರ, ಬೋರ್ಡ್ ಹೊಳೀತಿತ್ತು, ನಿಮಗ ಹೇಳಾಕ ಬಂದೆ. ನಿನ್ನ ಕೆಲಸ ನೀ ನೋಡು ಅಂದ್ರಿ. ನನ್ನ ಕೆಲಸ ಅಂದ್ರ ಮಂದಿ ಮುಖ ತಗಿಯೂದ್ರಿ. ಮದಿವ್ಯಾಗ ಒಬ್ಬರ ಮುಖ ಬಿಟ್ರೂ ಅವರು ನನ್ನ ಊರಾಗ ತಿರಗ್ಯಾಡಾಕ ಬಿಡೂದಿಲ್ಲ. ಅದಕ್ಕ ಮತ್ತ ಮತ್ತ ಸುತ್ತು ಹಾಕ್ತೇನಿ." ಆಮೇಲೆ ಸಮಾಧಾನ ಹೇಳುವವನಂತೆ ಅಂದ: "ಮದಿಮಗನ್ನ ಯಾರೂ ಭಾಳ ನೋಡೂದಿಲ್ರಿ ಸರ. ಅದಕ್ಯಾಕ ಬ್ಯಾಸರ ಮಾಡ್ಕೊಂತೀರಿ?"

ಹೊತ್ತುಕೊಂಡು ಹೋದ ಸಿಟ್ಟನ್ನು ಇಳಿಸಲು ಜಾಗ ಸಿಗದೆ ತಿರುಗಿ ಮನೆಗೆ ತಂದೆ.

ಭಾನುವಾರ ಪ್ಯಾಸೆಂಜರ್ ಗಾಡಿ ಹತ್ತಿ ಬ್ಯಾಡಗಿಗೆ ಹೊರಟೆ. ಕಿಸೆಯಲ್ಲಿ ಪ್ರಯೋಗಾಲಯದ ಒಂದು ಪೀನ ಮಸೂರವಿತ್ತು. ಅವಳ ಪ್ರಶ್ನೆ ಏನೆಂದು ಗೊತ್ತಿರಲಿಲ್ಲ. ಮಸೂರದ ಪ್ರಶ್ನೆಗೆ ಮಸೂರ ಬೇಕಾದೀತು ಎಂಬಷ್ಟು ಬುದ್ಧಿ ಉಳಿದಿತ್ತು.

ಅಂಗಡಿ ಪೇಟೆಯಲ್ಲೇ ಇತ್ತು. ಉದ್ದವಾದ, ಒಳಗೆ ಹೋದಷ್ಟೂ ಕತ್ತಲೆಯಾಗುವ ಕೋಣೆ. ಸೆಣಬಿನ ವಾಸನೆ, ಮೆಣಸಿನಕಾಯಿಯ ಘಾಟು. ನನ್ನನ್ನು ಕಂಡೊಡನೆ ಚನ್ನಬಸಪ್ಪನವರು ಗಿರಾಕಿಯನ್ನು ಬಿಟ್ಟು ಎದ್ದು ಬಂದರು. ಹೊಸ ಚೀಲವೊಂದನ್ನು ಕೊಡವಿ ಹಾಸಿದರು. ಚಹಾ ತರಿಸಿದರು. ಆ ಮರ್ಯಾದೆಯನ್ನು ಕುಡಿದು ಮುಗಿಸಿ ಲೋಟ ಕೆಳಗಿಟ್ಟೆ.

"ಚನ್ನಬಸಪ್ಪನವರ, ಅವತ್ತ ನಾ ಹೇಳಿದ್ದು ತಪ್ಪು" ಎಂದೆ. "ನಿಮ್ಮ ಮಗಳು ಕೇಳಾಕ ಕೈ ಎತ್ತತಿದ್ಲು. ನಾ ನೋಡಿಲ್ಲ."

ಅವರು ನಂಬಲಿಲ್ಲ. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ತಲೆಯಾಡಿಸುತ್ತ, "ನೀವು ದೊಡ್ಡವರು. ಹುಡುಗಿ ಮನಸ ಮುರೀಬಾರದಂತ ಹೇಳಾಕತ್ತೀರಿ. ನಿಮ್ಮ ಮಾತಿನ್ಯಾಗ ತಪ್ಪು ಹ್ಯಾಂಗ ಬರ್ತೈತ್ರಿ?" ಎಂದರು. ನನ್ನ ಸುಳ್ಳು ತೀರ್ಪನ್ನು ಒಂದೇ ಕ್ಷಣದಲ್ಲಿ ನಂಬಿದ್ದ ಮನುಷ್ಯ ನನ್ನ ಖರೇ ಮಾತನ್ನು ವಿನಯದಿಂದ ತಳ್ಳಿಹಾಕುತ್ತಿದ್ದರು. ಗುರುವಿನ ಮೇಲಿನ ವಿಶ್ವಾಸ ಎಷ್ಟು ಅಪಾಯಕಾರಿ ವಸ್ತುವೆಂದು ನನಗೆ ಆಗ ತಿಳಿಯಿತು.

ಮಗಳನ್ನು ಕರೆಯಿರೆಂದೆ. ಅಂಗಡಿಯ ಹಿಂದೆಯೇ ಮನೆ. ಸುನಂದಾ ಬಂದು ಚೀಲಗಳ ಒಟ್ಟಿಲಿಗೆ ಆತು ನಿಂತಳು. ಅವತ್ತು ಕೈ ಎತ್ತಿದ್ದೆಯಲ್ಲ, ಏನು ಕೇಳಬೇಕಿತ್ತು ಎಂದೆ. ಅವಳು ಅಪ್ಪನ ಮುಖ ನೋಡಿದಳು.

"ಮರ್ತೈತೇನು?"

"ಇಲ್ರಿ ಸರ." ಧ್ವನಿ ಸಣ್ಣದಿತ್ತು, ಮಾತು ತಯಾರಿತ್ತು. "ಮಸೂರದ ಅರ್ಧಾ ಕೈಲೆ ಮುಚ್ಚಿದ್ರ, ಚಿತ್ರಾನೂ ಅರ್ಧಾನ ಬೀಳತೈತೇನ್ರಿ?"

ಓದುಗರೇ, ಅದು ಒಳ್ಳೆಯ ಪ್ರಶ್ನೆ. ನನ್ನ ಹದಿನಾಲ್ಕು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ; ಅಥವಾ ಎಷ್ಟು ಜನ ಕೇಳಲು ಕೈ ಎತ್ತಿದ್ದರೋ ಹಲಗೆಗೇ ಗೊತ್ತು. ಉತ್ತರ ನನಗೆ ತಿಳಿದಿತ್ತು. ಆದರೆ ಎಂದೂ ಮಾಡಿ ನೋಡಿರಲಿಲ್ಲ. ಉತ್ತರ ಹೇಳದೆ ಮಸೂರವನ್ನು ಅವಳ ಕೈಗೆ ಕೊಟ್ಟೆ.

ಅವಳು ಅದನ್ನು ಅಂಗಡಿಯ ಬಾಗಿಲ ಕಡೆ ಹಿಡಿದಳು. ಹಿಂದೆ ಒಂದು ಬಿಳಿಯ ಹಿಟ್ಟಿನ ಚೀಲವನ್ನು ನಾನು ಹಿಡಿದೆ. ಹಿಂದೆ ಮುಂದೆ ಸರಿಸಿದ ಮೇಲೆ ಚೀಲದ ಮೇಲೆ ಬಾಗಿಲಾಚೆಯ ಪೇಟೆ ಮೂಡಿತು: ಬಣ್ಣಬಣ್ಣವಾಗಿ, ತಲೆಕೆಳಗಾಗಿ. ಎದುರಿನ ಅಂಗಡಿಯ ಬೋರ್ಡು, ಸೈಕಲ್ಲು ತಳ್ಳಿಕೊಂಡು ಹೋಗುವವನು, ಒಂದು ಎತ್ತಿನ ಗಾಡಿ. ಚನ್ನಬಸಪ್ಪನವರು ಹತ್ತಿರ ಬಂದು ಬಗ್ಗಿದರು.

"ಈಗ ಮುಚ್ಚು" ಎಂದೆ.

ಅವಳು ಇನ್ನೊಂದು ಅಂಗೈಯಿಂದ ಮಸೂರದ ಅರ್ಧವನ್ನು ಮುಚ್ಚಿದಳು. ಪೇಟೆ ಮಸುಕಾಯಿತು. ಆದರೆ ಪೂರ್ತಿ ಉಳಿಯಿತು. ಗಾಡಿಯೂ ಇತ್ತು, ಎತ್ತೂ ಇತ್ತು. ಅವಳು ಕೈ ತೆಗೆದಳು, ಮುಚ್ಚಿದಳು, ಮತ್ತೆ ತೆಗೆದಳು. ಆಮೇಲೆ ನನಗಲ್ಲ, ಅಪ್ಪನಿಗೆ ಹೇಳಿದಳು: "ಎತ್ತಿನ ಕೊಂಬಿಂದ ಬಂದ ಬೆಳಕು ಗಾಜಿನ ಎಲ್ಲಾ ಕಡಿ ಬೀಳತೈತಪಾ. ಅರ್ಧಾ ಮುಚ್ಚಿದ್ರ ಉಳಿದರ್ಧ ಅದನ್ನ ತೋರಸ್ತೈತಿ. ಬೆಳಕು ಕಮ್ಮಿ, ಅಷ್ಟ."

ಪಠ್ಯಪುಸ್ತಕ ಇದನ್ನು ಇಷ್ಟು ಚೆನ್ನಾಗಿ ಹೇಳುವುದಿಲ್ಲ. ನಾನೂ ಹೇಳಿರಲಿಲ್ಲ.

ಚನ್ನಬಸಪ್ಪನವರು ಚೀಲದ ಮೇಲಿನ ಎತ್ತನ್ನು ಇನ್ನೊಮ್ಮೆ ನೋಡಿದರು. ನಂತರ ಮಗಳನ್ನು ಕೇಳಿದರು: "ಅವತ್ತ ಇವರ ಮುಂದ ಯಾಕ ಬಾಯಿ ಬಿಡಲಿಲ್ಲ? ಕೈ ಎತ್ತತಿದ್ದೆ ಅನ್ನಬಾರದಾಗಿತ್ತೇನು?"

"ಸರ ಹೇಳಿದ್ದು ಸುಳ್ಳು ಅಂತ ನಿನ್ನ ಮುಂದ ಹ್ಯಾಂಗ ಅನ್ನಲೆಪಾ?"

ಯಾರೂ ನನ್ನ ಕಡೆ ನೋಡಲಿಲ್ಲ. ಅದು ಅವರ ದೊಡ್ಡತನ. ನಾನು ಚೀಲವನ್ನು ಮಡಚತೊಡಗಿದೆ. ಆ ಹೊತ್ತಿಗೆ ನನ್ನ ಕೈಗೆ ಬೇರೆ ಕೆಲಸವಿರಲಿಲ್ಲ.

ಒಮ್ಮೆ ಸೈನ್ಸ್ ಬಿಟ್ಟವರನ್ನು ವರ್ಷದ ನಡುವೆ ಮತ್ತೆ ಸೇರಿಸಿಕೊಳ್ಳಲು ನಿಯಮವಿರಲಿಲ್ಲ; ಜೂನಿನಲ್ಲಿ ಮೊದಲಿನಿಂದ ಆರಂಭಿಸಬೇಕು. ಒಂದು ವರ್ಷ ಹೋಗುತ್ತದೆಂದು ತಿಳಿಸಿದೆ. ಹೋಗುವುದು ನನ್ನ ವರ್ಷವಾಗಿರಲಿಲ್ಲ, ಅವಳದು. ಪ್ರಿನ್ಸಿಪಾಲರೊಂದಿಗೆ ನಾನೇ ಮಾತಾಡುತ್ತೇನೆ, ರಾಣೇಬೆನ್ನೂರಿನಲ್ಲಿ ಸೀಟಿಗೆ ತೊಂದರೆಯಿಲ್ಲ ಎಂದೂ ಹೇಳಿದೆ.

"ನೀವು ಹೇಳಿದ್ರಿ, ಬಿಡಿಸಿದೆ. ಈಗ ನೀವ ಹೇಳಾಕತ್ತೀರಿ, ಹಾಕ್ತೇನಿ" ಎಂದರು ಚನ್ನಬಸಪ್ಪನವರು. ಆಮೇಲೆ, ನನಗೆ ಪರಿಚಯವಾದಂದಿನಿಂದ ಮೊದಲ ಸಲ, ನನ್ನ ಮಾತಿನ ಮೇಲೆ ಇನ್ನೊಬ್ಬರ ಅಭಿಪ್ರಾಯ ಕೇಳಿದರು. ಮಗಳ ಕಡೆ ತಿರುಗಿ, "ನೀ ಏನಂತಿ?" ಎಂದರು.

ಸುನಂದಾ ಮಸೂರವನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು. "ಸೈನ್ಸ್ ಓದ್ತೇನಿ ಅಪ್ಪಾ. ಹಾವೇರ್ಯಾಗ ಓದ್ತೇನಿ."

ರಾಣೇಬೆನ್ನೂರಿನಲ್ಲಿ ಅಲ್ಲ. ಅವಳಿಗೆ ಎತ್ತಿದ ಕೈ ಕಾಣುವ ಒಬ್ಬ ಮಾಸ್ತರ ಬೇಕಿತ್ತು. ಸಂಜೆಯ ಗಾಡಿಗೆ ಚನ್ನಬಸಪ್ಪನವರು ಸ್ಟೇಷನ್ನಿನವರೆಗೂ ಬಂದು ಕಳಿಸಿದರು. ಕೈಮುಗಿದರು, ಆದರೆ ಮೊದಲಿನಷ್ಟು ಬಗ್ಗಲಿಲ್ಲ. ಅದರಿಂದ ನನಗೆ ಸ್ವಲ್ಪ ಹಗುರವಾಯಿತು.

ಜೂನಿನಲ್ಲಿ ಅವಳು ಹಾವೇರಿಯಲ್ಲಿ ಸೇರಿದಳು. ಮುಂದೆ ಏನಾದಳೆಂದು ಕೇಳುವ ಓದುಗರಿದ್ದಾರೆ. ಅವಳ ಯಶಸ್ಸನ್ನು ಇಲ್ಲಿ ವರ್ಣಿಸಿ ನನ್ನ ನಾಚಿಕೆಗೆ ಮುಲಾಮು ಹಚ್ಚಿಕೊಳ್ಳುವ ಅಧಿಕಾರ ನನಗಿಲ್ಲವಾದ್ದರಿಂದ ಅದನ್ನು ಬಿಟ್ಟಿದ್ದೇನೆ.

ಕ್ಯಾಸೆಟ್ಟಿನ ಮೇಲೆ ಪ್ರಿನ್ಸಿಪಾಲರ ಆಜ್ಞೆಯಂತೆ ಗ್ಯಾದರಿಂಗ್ ತುಂಬಿಸಲಾಯಿತು. ಆದರೆ ಗ್ಯಾದರಿಂಗ್ ನನ್ನ ಪಾಠಕ್ಕಿಂತ ಚಿಕ್ಕದಾಗಿತ್ತು; ಪಾಠದ ಕೊನೆಯ ತುಣುಕು ಅಳಿಯದೆ ಉಳಿಯಿತು. ಮುಂದಿನ ಹಲವು ವರ್ಷ, ಹೊಸ ಹುಡುಗರಿಗೆ ಆ ಕ್ಯಾಸೆಟ್ಟನ್ನು ತೋರಿಸುವಾಗ, ಕೋಲಾಟ ಮುಗಿದು ಪರದೆ ಒಮ್ಮೆ ಗಿರಗಿರನೆ ನಡುಗಿ, ಒಂದು ತರಗತಿ ಕಾಣಿಸುತ್ತಿತ್ತು. ಕಿಟಕಿಯ ಹೊರಗೆ ನೋಡುತ್ತಿರುವ ಒಬ್ಬ ಹುಡುಗಿ. ಮೇಲೆ ನನ್ನ ಧ್ವನಿ: "ಸಂಶಯವಿದೆಯೇ? ಇಲ್ಲ." ಹುಡುಗರು ನಗುತ್ತಿದ್ದರು. ಎದ್ದು ಟಿವಿ ಆರಿಸಬಹುದಿತ್ತು. ನಾನು ಆರಿಸುತ್ತಿರಲಿಲ್ಲ.

ಯಂತ್ರದಿಂದ ಪಾಠ ಹೇಳುವುದು ಸರಿಯೋ ತಪ್ಪೋ ಎಂದು ಈಗಲೂ ನನ್ನನ್ನು ಭಾಷಣಕ್ಕೆ ಕರೆಯುತ್ತಾರೆ. ನನಗೆ ತಿಳಿದಿರುವುದು ಇಷ್ಟೇ: ಕ್ಯಾಮೆರಾವನ್ನು ಒಮ್ಮೆಯಾದರೂ ಮಾಸ್ತರನ ಕಡೆಯಿಂದ ತಿರುಗಿಸಿ ಬೆಂಚುಗಳ ಕಡೆ ಹಿಡಿಯಬೇಕು, ಮತ್ತು ಆ ಚಿತ್ರವನ್ನು ಮಾಸ್ತರನಿಗೆ ತೋರಿಸಬೇಕು. ಆ ಡಿಸೆಂಬರಿನ ನಂತರ ನಿವೃತ್ತಿಯಾಗುವವರೆಗೆ, ಸಂಶಯ ಕೇಳುವ ಮೊದಲು ಖಡುವನ್ನು, ಎಂದರೆ ಸೀಮೆಸುಣ್ಣವನ್ನು, ಮೇಜಿನ ಮೇಲಿಟ್ಟು, ಹಲಗೆಗೆ ಬೆನ್ನು ಮಾಡಿ, ಕೊನೆಯ ಬೆಂಚಿನಿಂದ ನೋಡುತ್ತ ಬರುವುದನ್ನು ರೂಢಿಸಿಕೊಂಡೆ. ಆರಂಭದಲ್ಲಿ ಹುಡುಗರಿಗೆ ಆ ಮೌನದ ಅರ್ಥ ಆಗುತ್ತಿರಲಿಲ್ಲ. ಒಮ್ಮೆ ಮೇಡ್ಲೇರಿಯ ಹುಡುಗನೊಬ್ಬ ಎದ್ದು ನಿಂತು ಕಾಳಜಿಯಿಂದ ಕೇಳಿದ:

"ಸರ, ಮುಂದಿಂದು ಮರ್ತೀರೇನ್ರಿ?"

"ಇಲ್ಲಪಾ" ಎಂದೆ. "ಹಿಂದಿಂದು ನೆನಪ ಮಾಡ್ಕೊಳಾಕತ್ತೇನಿ."